ಮೆಣಸಿನಕಾಯಿ ಹೆಚ್ಚು

ಐವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಮದುವೆಯಾದ ಗಂಡಸಿಗೆ ಎರಡು ಕಾಯಿಲೆ ತಪ್ಪಿದ್ದಲ್ಲ. ಒಂದು, ಕಾರಣವಿಲ್ಲದೆ ನಗುವುದು. ಎರಡು, ಆ ನಗು ಯಾವ ಗಳಿಗೆಯಲ್ಲಿ ಕೈತಪ್ಪಿ ಹೋಗುತ್ತದೋ ಎಂದು ಹೆದರುವುದು. ನಮ್ಮ ಲಿಫ್ಟ್ ಮೆಕ್ಯಾನಿಕ್‌ಗೆ ಎರಡೂ ಅಂಟಿಕೊಂಡಿದ್ದವು. ಮದುವೆಯಾಗಿ ಏಳು ತಿಂಗಳಾಗಿದ್ದರೂ ಬೆಳಿಗ್ಗೆ ಕಣ್ಣು ಬಿಟ್ಟು ಪಕ್ಕದಲ್ಲಿ ಹೆಂಡತಿಯನ್ನು ಕಂಡಾಗ, ಇವರು ಪಾಪ ಯಾರ ಮನೆಗೋ ಹೋಗಬೇಕಾದವರು ಇಲ್ಲಿಗೆ ಬಂದುಬಿಟ್ಟಿದ್ದಾರೆ ಎಂದು ಒಂದು ಕ್ಷಣ ಗಾಬರಿಯಾಗುತ್ತಿದ್ದ. ಆಮೇಲೆ ಹಿಗ್ಗುತ್ತಿದ್ದ. ಹಿಗ್ಗಿನಲ್ಲಿ ಅಂಗಿಯ ಗುಂಡಿಗಳನ್ನು ಒಂದು ತೂತು ಮೇಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೊರಟುಬಿಡುತ್ತಿದ್ದ.

ಹೆದರಿಕೆಗೆ ಕಾರಣವಿತ್ತು. ಇಡೀ ಮದುವೆ ಒಂದು ಸುಳ್ಳಿನ ಮೇಲೆ ನಿಂತಿದೆ ಎಂದು ಅವನು ನಂಬಿದ್ದ. ಆ ಸುಳ್ಳನ್ನು ಅವನು ಹೇಳಿದ್ದು ಹೊಟ್ಟೆ ಅಡಿ ಮಾಡಿ ನೆಲದ ಮೇಲೆ ಮಲಗಿಕೊಂಡು.

ಅದು ನಡೆದದ್ದು ಹಿಂದಿನ ವರ್ಷ. ಆರು ಅಂತಸ್ತಿನ ಕಟ್ಟಡ, ನಾಲ್ಕನೆಯ ಅಂತಸ್ತಿನಲ್ಲಿ ಲೈಬ್ರರಿ. ಲಿಫ್ಟು ಮೂರಕ್ಕೂ ನಾಲ್ಕಕ್ಕೂ ನಡುವೆ ಸಿಕ್ಕಿಕೊಂಡಿತ್ತು, ಒಳಗೆ ಒಬ್ಬ ಹೆಂಗಸು. ಬ್ರೇಕು ಬಿಗಿದುಕೊಂಡು ಬಿಟ್ಟಿರಲಿಲ್ಲ. ಜೊತೆಗಾರ ಮೇಲೆ ಮೋಟಾರಿನ ಕೋಣೆಯಲ್ಲಿ ಒದ್ದಾಡುತ್ತಿದ್ದ. ಇವನು ನಾಲ್ಕನೆಯ ಅಂತಸ್ತಿನ ಬಾಗಿಲನ್ನು ಒಂದು ಗೇಣು ಸರಿಸಿ, ಆ ಸಂದಿಗೆ ಬಾಯಿಟ್ಟು ಮಲಗಿದ್ದ. ಒಳಗೆ ಸಿಕ್ಕಿಬಿದ್ದವರನ್ನು ಮಾತಾಡಿಸುತ್ತಲೇ ಇರಬೇಕು, ಮಾತು ನಿಂತರೆ ಅಳು ಶುರುವಾಗುತ್ತದೆ. ಇದು ಅವನ ಕಸುಬಿನ ಮೊದಲ ಪಾಠ. ಆದರೆ ಹೆಂಗಸರ ಹತ್ತಿರ ಏನು ಮಾತಾಡಬೇಕೆನ್ನುವ ಪಾಠ ಯಾರೂ ಹೇಳಿಕೊಟ್ಟಿರಲಿಲ್ಲ. ಮಾತಾಡಿದವಳು ಅವಳೇ. ತನ್ನ ಕೈಯಲ್ಲಿ ಹನ್ನೊಂದು ಮೆಣಸಿನ ಸಸಿಗಳಿವೆ, ಲೈಬ್ರರಿಗೆ ಬರುವ ಓದುಗರೊಬ್ಬರು ಕೊಟ್ಟದ್ದು, ಗಾಳಿಯಿಲ್ಲದೆ ಬಾಡಿಹೋಗುತ್ತವೋ ಏನೋ ಎಂದು ನಡುಗುವ ದನಿಯಲ್ಲಿ ಹೇಳಿದಳು. ಕೊನೆಗೆ, ನೀವು ಖಾರ ತಿನ್ನುತ್ತೀರಾ ಎಂದು ಕೇಳಿದಳು.

"ಖಾರ ಅಂದ್ರೆ ನಂಗೆ ಪ್ರಾಣ," ಎಂದ ಈ ಮಹರಾಯ.

ಸೂಪಿನಲ್ಲಿ ಒಂದು ಕಾಳುಮೆಣಸು ಸಿಕ್ಕರೆ ಬಿಕ್ಕಳಿಕೆ ಹತ್ತುವ ಮನುಷ್ಯ ಇವನು. ಕೆಲಸದ ಜಾಗದಲ್ಲಿ ಇವನ ಅಡ್ಡಹೆಸರೇ 'ಸಪ್ಪೆ'. ಆದರೆ ಸಂದಿಯ ಒಳಗಿನ ದನಿ ಥಟ್ಟನೆ ಗೆಲುವಾಯಿತು. "ಸದ್ಯ," ಎಂದಿತು ಆ ದನಿ. "ಖಾರ ತಿನ್ನದೇ ಇರೋರನ್ನ ನಾನು ನಂಬಲ್ಲ."

ನಲವತ್ತು ನಿಮಿಷದ ಮೇಲೆ ಲಿಫ್ಟು ಅಲುಗಾಡಿ ಮೇಲೆ ಬಂತು. ಮೊದಲು ಸಸಿಗಳ ತಟ್ಟೆ ಹೊರಬಂತು, ಹಿಂದೆಯೇ ಕೆದರಿದ ಕೂದಲಿನ, ಕೆಂಪು ಮೂಗಿನ, ನಗುತ್ತಿದ್ದ ಅವಳು. ನಲವತ್ತಾರು ವರ್ಷದ ಲೈಬ್ರರಿಯ ಮೇಡಂ. ಮೆಕ್ಯಾನಿಕ್ ತಟ್ಟೆ ಹಿಡಿದುಕೊಂಡು ನಿಂತವನು ವಾಪಸ್ಸು ಕೊಡುವುದನ್ನೇ ಮರೆತ. ಅಲ್ಲಿಗೆ ಅವನ ಕಥೆ ಮುಗಿಯಿತು, ಅಥವಾ ಶುರುವಾಯಿತು. ಅದು ನೀವು ಮದುವೆಯಾಗಿದ್ದೀರೋ ಇಲ್ಲವೋ ಎನ್ನುವುದರ ಮೇಲೆ ಹೋಗುತ್ತದೆ.

ಮದುವೆಯ ಮೊದಲ ವಾರದ ಊಟವನ್ನು ವರ್ಣಿಸಲು ನನಗೆ ಇಷ್ಟವಿಲ್ಲ. ಕಿವಿಯಲ್ಲಿ ಹೊಗೆ ಬರುವುದೆಂದರೆ ಸುಮ್ಮನೆ ಆಡುವ ಮಾತು ಎಂದುಕೊಂಡಿದ್ದ ಅವನಿಗೆ ಅದು ನಿಜವೆಂದು ತಿಳಿಯಿತು. ಪ್ರತಿ ಊಟವಾದ ಮೇಲೂ "ಗಿಡಕ್ಕೆ ನೀರು ಹಾಕಿ ಬರ್ತೀನಿ" ಎಂದು ಹಿತ್ತಲಿಗೆ ಹೋಗಿ, ಪೈಪು ಬಿಟ್ಟು, ಅದರ ಕೆಳಗೆ ನಾಲಗೆ ಚಾಚಿ ನಿಲ್ಲುತ್ತಿದ್ದ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಸುಳ್ಳು ಹೇಳಿ ಖಾರ ತಿಂದವನು ಎಷ್ಟು ಕುಡಿಯಬೇಕೆಂದು ಯಾರೂ ಲೆಕ್ಕ ಹೇಳಿಲ್ಲ. ಅವನ ಪುಣ್ಯಕ್ಕೆ, ಅವಳು ತಂದು ನೆಟ್ಟಿದ್ದ ಆ ಹನ್ನೊಂದು ಗಿಡಗಳು ಮಾತ್ರ ದಿನಕ್ಕೆರಡು ಸಲ ನೀರುಂಡು ಸೊಂಪಾಗಿ ಬೆಳೆದವು.

ವಿಚಿತ್ರವೆಂದರೆ, ಮೂರನೆಯ ತಿಂಗಳಿಗೆ ಉರಿ ಕಡಿಮೆಯಾಯಿತು. ಐದನೆಯ ತಿಂಗಳಿಗೆ ಪೈಪಿನ ಅಗತ್ಯವೇ ಬೀಳಲಿಲ್ಲ. ಈಗೀಗಂತೂ ಊಟದ ನಡುವೆ ಹಣೆ ಒರೆಸಿಕೊಂಡು "ಅಬ್ಬಾ, ಇವತ್ತು ಜೋರಾಗಿದೆ" ಎನ್ನುವುದು ಬರೀ ಹೆಂಡತಿಯ ಸಂತೋಷಕ್ಕೆ. ತನ್ನ ನಾಲಗೆ ಪಳಗಿಬಿಟ್ಟಿದೆ ಎಂದು ಅವನಿಗೆ ಹೆಮ್ಮೆಯೋ ಹೆಮ್ಮೆ. ಈ ಗುಟ್ಟೆಲ್ಲ ಗೊತ್ತಿದ್ದದ್ದು ಒಬ್ಬನಿಗೆ, ಜೊತೆಗಾರ ಗ್ರೀಸಣ್ಣನಿಗೆ. ಮೂವತ್ತು ವರ್ಷ ಇವನೊಂದಿಗೆ ಲಿಫ್ಟಿನ ಗುಂಡಿಗಳಿಗೆ ಇಳಿದವನು. ಮನುಷ್ಯ ಮನಸ್ಸು ಮಾಡಿದರೆ ಯಾವುದೂ ಅಸಾಧ್ಯವಲ್ಲ ಎಂದು ಇವನು ಕೊಚ್ಚಿಕೊಂಡಾಗ, ಸವೆದ ಬೇರಿಂಗು ಎಣ್ಣೆ ಕುಡಿದು ಹೊಸದಾದದ್ದನ್ನು ತಾನಂತೂ ನೋಡಿಲ್ಲ ಎಂದು ಗ್ರೀಸಣ್ಣ ಹೇಳಿದ. ಹೊಟ್ಟೆಕಿಚ್ಚು ಎಂದು ಇವನು ಬಿಟ್ಟುಬಿಟ್ಟ.

ಹೀಗೆ ಎಲ್ಲ ಸುಸೂತ್ರವಾಗಿರುವಾಗ ಹಿತ್ತಲಿನ ಹನ್ನೊಂದು ಗಿಡಗಳೂ ಒಟ್ಟಿಗೆ ಹಣ್ಣಾದವು. ಸಾಮಾನ್ಯ ಮೆಣಸಿನಕಾಯಿಯಲ್ಲ. ಹೆಬ್ಬೆರಳಿನ ತುದಿಯಷ್ಟೇ ಗಾತ್ರ, ಮೈತುಂಬ ಸುಕ್ಕು, ಕಡುಗೆಂಪು. ನೋಡುವುದಕ್ಕೆ ಮುದ್ದಾಗಿದ್ದವು. ಇವನ್ನು ಹಾಕಿ ಸಾಸ್ ಮಾಡೋಣ, ಬಾಟಲಿಗೆ ತುಂಬಿಡೋಣ ಎಂದಳು ಹೆಂಡತಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮೊದಲ ಚಮಚ ನಿಮಗೇ ಎಂದೂ ಸೇರಿಸಿದಳು.

ಮೊದಲ ಚಮಚ. ಅನ್ನದಲ್ಲಿ ಕಲಸಿಕೊಳ್ಳುವ ಹಾಗಿಲ್ಲ, ಬ್ರೆಡ್ಡಿನೊಳಗೆ ಬಚ್ಚಿಡುವ ಹಾಗಿಲ್ಲ. ಬರೀ ಸಾಸು, ಬರೀ ನಾಲಗೆ, ಎದುರಿಗೆ ಹೆಂಡತಿ. ಪಳಗಿದ ನಾಲಗೆಯೇ ಆದರೂ ಇದನ್ನು ತಡೆಯುವುದು ಅನುಮಾನವಿತ್ತು. ಸುಳ್ಳು ಬಯಲಾದರೆ, ನಂಬಲ್ಲ ಎಂದವಳು ನಂಬದೇ ಹೋದರೆ, ಬೆಳಿಗ್ಗೆ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ? ಎರಡು ದಿನ ಮೆಕ್ಯಾನಿಕ್ ಮೇಲಕ್ಕೆ ಹೋಗಬೇಕಾದ ಲಿಫ್ಟಿನಲ್ಲೆಲ್ಲ ಕೆಳಗಿನ ಬಟನ್ನನ್ನೇ ಒತ್ತುತ್ತಿದ್ದ.

ದೇವರು ದೊಡ್ಡವನು, ಶನಿವಾರ ಬಂತು. ಶನಿವಾರ ಇವನಿಗೆ ರಜೆ, ಅವಳಿಗೆ ಲೈಬ್ರರಿಯಲ್ಲಿ ಪುಸ್ತಕ ಎಣಿಸುವ ಕೆಲಸ, ಸಂಜೆ ಐದರ ತನಕ. ಹಣ್ಣು ಕಾಯುವುದಿಲ್ಲ, ಸಾಸ್ ನೀವೇ ಮಾಡಿಡಿ, ಬೇಕಾದ್ದೆಲ್ಲ ಕಟ್ಟೆಯ ಮೇಲಿಟ್ಟು ಹೇಗೆ ಮಾಡಬೇಕೆಂದು ಬರೆದಿಡುತ್ತೇನೆ ಎಂದು ಹಿಂದಿನ ದಿನವೇ ಹೇಳಿದ್ದಳು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು. ಅವಳು ಗೇಟು ದಾಟಿದ್ದೇ ತಡ, ಇವನ ತಲೆಯಲ್ಲಿ ಉಪಾಯ ಸಿದ್ಧವಾಗಿತ್ತು. ಬಟ್ಟಲಿನಲ್ಲಿ ಅವಳು ಎಣಿಸಿಟ್ಟ ಮೆಣಸಿನಕಾಯಿ ಹದಿನೈದು. ಅದರಲ್ಲಿ ಎರಡನ್ನು ಸಾಸಿಗೆ ತೋರಿಸುವುದು, ಹದಿಮೂರನ್ನು ಹಿತ್ತಲಿನ ಮಣ್ಣಿಗೆ ಸೇರಿಸುವುದು. ಬಣ್ಣ ಕ್ಯಾರೆಟ್ಟಿನಿಂದ ಬರುತ್ತದೆ. ಸಿಳ್ಳೆ ಹಾಕುತ್ತ ಅಡುಗೆಮನೆಗೆ ಹೋದ.

ಕಟ್ಟೆಯ ಮೇಲೆ ಒಂದು ಕಿಲೋ ಕ್ಯಾರೆಟ್ಟು, ಬೆಳ್ಳುಳ್ಳಿ, ಉಪ್ಪು, ವಿನೆಗರ್. ಪಕ್ಕದಲ್ಲಿ ಕಾರ್ಡು. ಲೈಬ್ರರಿಯಲ್ಲಿ ಹಳೆಯ ಪುಸ್ತಕಪಟ್ಟಿಯ ಕಾರ್ಡುಗಳನ್ನು ಎಸೆಯುವಾಗ ಅವಳು ಮನೆಗೆ ತಂದುಕೊಂಡಿದ್ದಳು, ಮನೆಯ ಚೀಟಿಗಳೆಲ್ಲ ಅವುಗಳ ಬೆನ್ನಿನ ಮೇಲೆ. ಅಂಗೈಯಗಲದ ಜಾಗ. ಹಾಗಾಗಿ ಅವಳು ಬರೆಯುವಾಗ ಒಂದು ಅಕ್ಷರವನ್ನೂ ದಂಡ ಮಾಡುತ್ತಿರಲಿಲ್ಲ. ಕಾರ್ಡಿನಲ್ಲಿ ಹೀಗಿತ್ತು:

ಮೆಣಸಿನಕಾಯಿ ಹೆಚ್ಚು.
ಬೆಳ್ಳುಳ್ಳಿ ಹೆಚ್ಚು.
ಕ್ಯಾರೆಟ್ ತುರಿದುಕೋ.
ಉಪ್ಪು ಹೆಚ್ಚು ಬೇಡ.
ವಿನೆಗರ್ ಹಾಕಿ ಬೇಯಿಸು. ರುಬ್ಬು. ಸೋಸು.
ಕೈ ಸುಟ್ಟುಕೊಳ್ಳಬೇಡ.

ಮೆಕ್ಯಾನಿಕ್ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟ. ತುರಿದುಕೋ. ಬೇಯಿಸು. ಸುಟ್ಟುಕೊಳ್ಳಬೇಡ.

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ಈ ಗಂಡ ಹೆಂಡತಿ ಏಳು ತಿಂಗಳಿಂದ ಒಬ್ಬರನ್ನೊಬ್ಬರು 'ನೀವು' ಎಂದೇ ಕರೆಯುತ್ತಿದ್ದರು. ಲಿಫ್ಟಿನ ಸಂದಿಯಲ್ಲಿ ಶುರುವಾದ 'ನೀವು' ಮದುವೆ ದಾಟಿ ಮನೆಯೊಳಗೂ ಬಂದು ಕೂತಿತ್ತು. ನೀವು ಅಂದರೆ ಆಫೀಸಿನ ನೋಟೀಸು ಓದಿದ ಹಾಗಿರುತ್ತದೆ, ನೀನು ಅನ್ನಬಾರದೇ ಎಂದು ಇವನು ಎಷ್ಟೋ ಸಲ ಗೋಗರೆದಿದ್ದ. ಬರುವಾಗ ಅದಾಗಿ ಬರುತ್ತದೆ, ಕೇಳಿ ತರಿಸಿಕೊಳ್ಳುವುದಲ್ಲ ಎಂದು ಅವಳು ನಕ್ಕಿದ್ದಳು. ಅದು ಬಂದಿತ್ತು. ಕ್ಯಾರೆಟ್ಟಿನ ಪಕ್ಕದಲ್ಲಿ, ನೀಲಿ ಶಾಯಿಯಲ್ಲಿ, ಸದ್ದಿಲ್ಲದೆ ಬಂದಿತ್ತು. 'ಸೋಸು' ಎನ್ನುವ ಪದದಲ್ಲಿ ಇಷ್ಟು ಪ್ರೀತಿಯಿದೆ ಎಂದು ಈ ಭಾಷೆಯಲ್ಲಿ ಯಾರಿಗಾದರೂ ಗೊತ್ತಿತ್ತೇ? ಅವನು ಅದನ್ನು ಗಟ್ಟಿಯಾಗಿ ಓದಿದ. ಇನ್ನೊಮ್ಮೆ ಓದಿದ. ಎದ್ದು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದು ಬಂದು ಮತ್ತೆ ಓದಿದ.

ಹೀಗೆ ಕರೆದವಳಿಗೆ ಮೋಸ ಮಾಡುವುದೇ? ಹದಿಮೂರು ಮೆಣಸಿನಕಾಯಿ ಹೂತಿಡುವ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಅವಳು ಏನು ಬರೆದಿದ್ದಾಳೋ ಅದನ್ನು ಬರೆದ ಹಾಗೇ ಮಾಡುತ್ತೇನೆ, ಆಮೇಲೆ ನಾಲಗೆ ಹೋದರೆ ಹೋಗಲಿ ಎಂದು ನಿರ್ಧರಿಸಿದ. ಏನು ಬರೆದಿದ್ದಾಳೆ? ಮೆಣಸಿನಕಾಯಿ ಹೆಚ್ಚು.

ಮೂವತ್ತು ವರ್ಷ ಅವನು ತುಂಬಿದ ರಿಪೇರಿ ಪುಸ್ತಕದಲ್ಲಿ 'ಹೆಚ್ಚು' ಎನ್ನುವ ಪದಕ್ಕೆ ಒಂದೇ ಅರ್ಥ. ಸದ್ದು ಹೆಚ್ಚು. ಸವೆತ ಹೆಚ್ಚು. ಭಾರ ಹೆಚ್ಚು. ತರಕಾರಿಯ ವಿಷಯಕ್ಕೆ ಬಂದರೆ ಅವನದು 'ಕಟ್ ಮಾಡೋದು', ಅದನ್ನೂ ಅವನು ಮಾಡಿದ್ದು ಕಡಿಮೆ. ಸಂಶಯ ಬಂದಿದ್ದರೂ ನಾಲ್ಕನೆಯ ಸಾಲು ಅದನ್ನು ಕಿತ್ತುಹಾಕುತ್ತಿತ್ತು. ಉಪ್ಪು ಹೆಚ್ಚು ಬೇಡ, ಮೆಣಸಿನಕಾಯಿ ಹೆಚ್ಚು. ಇನ್ನೆಷ್ಟು ಬಿಡಿಸಿ ಹೇಳಬೇಕು? ಪಾಪ, ಬಟ್ಟಲಿಗೆ ಹದಿನೈದನ್ನು ಹಾಕಿಟ್ಟು, ಸಾಲದು ಎನ್ನಿಸಿ, ಹೊರಡುವ ಅವಸರದಲ್ಲಿ ಕಾರ್ಡಿನಲ್ಲಿ ಸೂಚಿಸಿದ್ದಾಳೆ. ಅವಳಿಗೆ ಖಾರವೆಂದರೆ ಅಷ್ಟು ಇಷ್ಟ. ಅವನು ಬುಟ್ಟಿ ತೆಗೆದುಕೊಂಡು ಹಿತ್ತಲಿಗೆ ಹೋದ.

ಎಷ್ಟು ಹೆಚ್ಚು ಎಂದು ಅವಳು ಹೇಳಿರಲಿಲ್ಲ. ಪ್ರೀತಿಯಲ್ಲಿ ಲೆಕ್ಕ ಇಡಬಾರದೆಂದು ಅವನು ಮೊದಲ ಗಿಡವನ್ನು ಪೂರ್ತಿ ಬಿಡಿಸಿದ. ಎರಡನೆಯದಕ್ಕೆ ಬೇಸರವಾಗಬಾರದೆಂದು ಅದನ್ನೂ ಬಿಡಿಸಿದ. ಹನ್ನೊಂದನೆಯ ಗಿಡ ಬೋಳಾಗುವ ಹೊತ್ತಿಗೆ ಬುಟ್ಟಿಯಲ್ಲಿ ಮುನ್ನೂರಕ್ಕೂ ಮಿಕ್ಕಿ ಇದ್ದವು. ಪಕ್ಕದ ಮನೆಯ ನರ್ಸಮ್ಮ ಗೋಡೆಯ ಆಚೆ ಬಟ್ಟೆ ಒಣಗಹಾಕುತ್ತಿದ್ದರು. ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿ ನಿವೃತ್ತರಾದವರು, ಯಾವುದಕ್ಕೂ ಬೆಚ್ಚಿಬೀಳುವವರಲ್ಲ. ಅವರೇ ಬುಟ್ಟಿಯನ್ನು ನೋಡಿ, ಮಾರಲಿಕ್ಕೋ ಎಂದು ಕೇಳಿದರು. ಅಲ್ಲ, ಮನೆಗೇ ಎಂದ. ನರ್ಸಮ್ಮ ಒಳಗೆ ಹೋಗಿ ಕಿಟಕಿ ಮುಚ್ಚಿಕೊಂಡರು.

ತೊಟ್ಟು ಬಿಡಿಸಿ, ಇಡಿಯಾಗಿಯೇ ದೊಡ್ಡ ಪಾತ್ರೆಗೆ ಸುರಿದ. ಬೆಳ್ಳುಳ್ಳಿಯೂ ಹೆಚ್ಚೆಂದು ಮನೆಯಲ್ಲಿದ್ದುದನ್ನೆಲ್ಲ ಸುಲಿದು ಹಾಕಿದ. ತುರಿದ ಕ್ಯಾರೆಟ್ಟು ಪಾಪ ಎಲ್ಲೋ ಮೂಲೆಯಲ್ಲಿ ಮುದುಡಿಕೊಂಡಿತು. ವಿನೆಗರ್ ಕುದಿಯಲು ಶುರುವಾಗಿ ಎರಡು ನಿಮಿಷಕ್ಕೆ ಅವನಿಗೆ ಮೊದಲ ಸೀನು ಬಂತು. ಆಮೇಲೆ ಅವನು ಎಣಿಸುವುದನ್ನು ಬಿಟ್ಟ. ಕಣ್ಣು, ಮೂಗು, ಗಂಟಲು ಮೂರೂ ಒಟ್ಟಿಗೆ ಮುಷ್ಕರ ಹೂಡಿದವು. ಕೆಲಸದ ಚೀಲದಿಂದ ವೆಲ್ಡಿಂಗ್ ಕನ್ನಡಕ ತೆಗೆದು ಹಾಕಿಕೊಂಡ, ಮೂಗಿಗೆ ಒದ್ದೆ ಟವೆಲ್ ಕಟ್ಟಿದ, ಕೈಗೆ ದಪ್ಪ ಗವಸು ತೊಟ್ಟ. ಅಷ್ಟು ತಯಾರಾಗಿ ನಿಂತವನು ಒಮ್ಮೆ ಕನ್ನಡಕ ಸರಿಸಿ ಅದೇ ಗವಸಿನಿಂದ ಕಣ್ಣೊರೆಸಿಕೊಂಡ. ಆಮೇಲಿನ ಹತ್ತು ನಿಮಿಷ ಅವನು ಎಲ್ಲಿದ್ದ, ಏನು ಮಾಡಿದ ಎನ್ನುವುದು ಅವನಿಗೂ ಸರಿಯಾಗಿ ನೆನಪಿಲ್ಲ. ತಲೆಯನ್ನು ಬಕೆಟ್ಟಿನೊಳಗೆ ಇಟ್ಟುಕೊಂಡು ನಗುತ್ತಿದ್ದೆ ಎಂದು ಆಮೇಲೆ ಗ್ರೀಸಣ್ಣನಿಗೆ ಹೇಳಿದ.

ಏಕೆಂದರೆ ಅವನು ನಿಜಕ್ಕೂ ನಗುತ್ತಿದ್ದ. ಬೀದಿಯಲ್ಲಿ ಅಂಚೆಯವನು ಮೂರು ಸಲ ಸೀನಿ ಸೈಕಲ್ಲಿನಿಂದ ಇಳಿದ. ಗೋಡೆಯ ಮೇಲೆ ಸದಾ ಮಲಗಿರುತ್ತಿದ್ದ ಬೆಕ್ಕು ಎದ್ದು, ಇವನ ಕಡೆ ಒಂದು ನೋಟ ಎಸೆದು, ಬೇರೆ ಬೀದಿಗೆ ಹೊರಟುಹೋಯಿತು. ಎದುರು ಮನೆಯವರು ಕಿಟಕಿ ತೆರೆದು, ಕೆಮ್ಮಿ, ಮುಚ್ಚಿದರು. ಇವನು ಅಳುತ್ತ, ಸೀನುತ್ತ, 'ರುಬ್ಬು' ಎಂದು ಹಾಡುತ್ತ ಮಿಕ್ಸಿ ತಿರುಗಿಸಿದ. 'ಸೋಸು' ಎಂದು ಸೋಸಿದ. ನಾಲ್ಕು ಗಂಟೆಗೆ ಕಟ್ಟೆಯ ಮೇಲೆ ಕುದಿಸಿ ಒಣಗಿಸಿದ ಒಂಬತ್ತು ಬಾಟಲಿಗಳಲ್ಲಿ ಕೆಂಪು ಸಾಸು ಸಾಲಾಗಿ ನಿಂತಿತ್ತು, ಬಟ್ಟಲಲ್ಲೂ ಒಂದಿಷ್ಟು ಉಳಿದಿತ್ತು. ಅದರ ಚಂದ ನೋಡುತ್ತ ನಿಂತಾಗ ಅವನಿಗೆ ಮೊದಲ ಚಮಚದ ನೆನಪಾಯಿತು.

ಅಭ್ಯಾಸವಾಗಲಿ ಎಂದು ಒಂದು ಹಲ್ಲುಕಡ್ಡಿಯ ತುದಿಯನ್ನು ಅದ್ದಿ ನಾಲಗೆಗೆ ತಾಗಿಸಿದ.

ಇಂಗು ತಿಂದ ಮಂಗನ ಹಾಗೆ ಎನ್ನುತ್ತಾರಲ್ಲ, ಆ ಮಂಗ ಇವನನ್ನು ನೋಡಿದ್ದರೆ ತಾನೇ ವಾಸಿ ಎಂದು ಸಮಾಧಾನ ಮಾಡಿಕೊಳ್ಳುತ್ತಿತ್ತು. ಅಡುಗೆಮನೆಯಿಂದ ಹಿತ್ತಲಿಗೆ ಅವನು ಹೆಜ್ಜೆಯಿಟ್ಟು ಹೋಗಲಿಲ್ಲ, ಹಾರಿದ. ಪೈಪಿನ ಕೆಳಗೆ ಕಾಲು ಗಂಟೆ ಕುಳಿತ. ಏಳು ತಿಂಗಳು ಪಳಗಿಸಿದ ನಾಲಗೆ ಎಲ್ಲಿ ಹೋಯಿತು? ಸ್ವಲ್ಪ ಸುಧಾರಿಸಿಕೊಂಡು ಗ್ರೀಸಣ್ಣನಿಗೆ ಫೋನು ಮಾಡಿದ. ತುಟಿ ಊದಿಕೊಂಡು ವ್ಯಂಜನವೊಂದೂ ಹೊರಡುತ್ತಿರಲಿಲ್ಲ, ಬರೀ ಸ್ವರಗಳು. ಆದರೂ ಮೂವತ್ತು ವರ್ಷದ ಜೊತೆಗಾರನಿಗೆ ಅರ್ಥವಾಯಿತು. ಹಾಲು ಕುಡಿ ಎಂದ ಗ್ರೀಸಣ್ಣ. ಆಮೇಲೆ, ಸತ್ಯ ಹೇಳಿಬಿಡು ಎಂದ. ಇವನು ಫೋನು ಕೆಳಗಿಟ್ಟು ಹಾಲು ಕುಡಿದ. ಎರಡನೆಯ ಸಲಹೆ ಹಾಲಿನಷ್ಟು ಸುಲಭವಾಗಿ ಇಳಿಯಲಿಲ್ಲ.

ಐದೂ ಕಾಲಿಗೆ ಗೇಟಿನ ಹತ್ತಿರ ಸೀನು ಕೇಳಿಸಿತು. ಹೆಂಡತಿ ಎಂದಿನ ಹಾಗೆ ಮೊದಲು ಹಿತ್ತಲಿಗೆ ಹೋದಳು, ಗಿಡಗಳನ್ನು ಮಾತಾಡಿಸಲು. ಇವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾದ. ಆಮೇಲೆ ಚಪ್ಪಲಿಯ ಸದ್ದು ಹತ್ತಿರ ಬಂತು.

"ಗಿಡದಲ್ಲಿ ಒಂದೂ ಹಣ್ಣಿಲ್ಲ," ಎಂದಳು. "ಏನ್ ಮಾಡಿದೆ ನೀನು?"

ಮೊದಲ ಸಲ ಬಾಯಲ್ಲಿ ಕೇಳಿದ 'ನೀನು'. ಬೈಗುಳದ ಜೊತೆಗೇ ಬಂದರೂ ಅವನ ಮೈ ಜುಮ್ಮೆಂದಿತು. "ನೀನೇ ಬರ್ದಿದ್ಯಲ್ಲ," ಎಂದ ಹಲ್ಲು ಕಿರಿಯುತ್ತ. "ಮೆಣಸಿನಕಾಯಿ ಹೆಚ್ಚು ಅಂತ."

"ಹೂಂ, ಹೆಚ್ಚು ಅಂತ ಬರ್ದೆ."

"ಅದಕ್ಕೇ ಹೆಚ್ಚು ಹಾಕಿದೆ."

ಅವಳು ಕಾರ್ಡನ್ನು ನೋಡಿದಳು. ಒಂಬತ್ತು ಬಾಟಲಿಗಳನ್ನು ನೋಡಿದಳು. ಊದಿದ ಅವನ ತುಟಿಯನ್ನು ನೋಡಿದಳು. "ಹೆಚ್ಚು ಅಂದ್ರೆ ಹೆಚ್ಚೋದು ಕಣೋ," ಎಂದಳು ನಿಧಾನವಾಗಿ. "ಚಾಕು ತಗೊಂಡು, ಹಲಗೆ ಮೇಲಿಟ್ಟು, ಸಣ್ಣಗೆ ಹೆಚ್ಚೋದು. ಬಟ್ಟಲಲ್ಲಿದ್ದ ಹದಿನೈದನ್ನ."

"ಮತ್ತೆ ಉಪ್ಪು ಹೆಚ್ಚು ಬೇಡ ಅಂತ ಇದ್ಯಲ್ಲ. ಉಪ್ಪನ್ನ ಯಾರು ಹೆಚ್ತಾರೆ?"

ಅವಳು ಉತ್ತರ ಕೊಡಲು ಬಾಯಿ ತೆರೆದಳು. ನಗು ಬಂತು. ಬಾಗಿಲಿಗೆ ಒರಗಿ ನಕ್ಕಳು, ಜಾರಿ ನೆಲದ ಮೇಲೆ ಕುಳಿತು ನಕ್ಕಳು, ಹೆಗಲಿನ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ನಕ್ಕಳು. ಹೆಚ್ಚಿ ಎಂದು ಮರ್ಯಾದೆ ಕೊಟ್ಟು ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ, ನೀನು ಅನ್ನು ಅನ್ನು ಎಂದು ಪ್ರಾಣ ತಿಂದದ್ದು ಯಾರು ಎಂದು ನಗುವಿನ ನಡುವೆ ಕೇಳಿದಳು. ಇವನೂ ಎದುರಿಗೆ ಕುಳಿತು ನಕ್ಕ. ಅಡುಗೆಮನೆಯ ಗಾಳಿಗೆ ಇಬ್ಬರೂ ಸೀನುತ್ತ, ಸೀನಿದ್ದಕ್ಕೆ ಮತ್ತೆ ನಗುತ್ತ, ಐವತ್ತೊಂದು ನಲವತ್ತಾರು ಎರಡನ್ನೂ ಮರೆತರು.

ನಗು ನಿಂತಾಗ ಅವಳು ಎದ್ದು, ಬಟ್ಟಲಿಗೆ ಚಮಚ ಅದ್ದಿ, ಅವನ ಮುಂದೆ ಹಿಡಿದಳು. ಮುಖದಲ್ಲಿ ತುಂಟತನವಿತ್ತೋ ಪರೀಕ್ಷೆಯಿತ್ತೋ ಅವನಿಗೆ ಗೊತ್ತಾಗಲಿಲ್ಲ. ಅಡಕತ್ತರಿಗೆ ಸಿಕ್ಕಿದ ಅಡಕೆ ಅವನು. ತಿಂದರೆ ಪ್ರಾಣ ಹೋಗುತ್ತದೆ, ತಿನ್ನದಿದ್ದರೆ ಇವಳು. ಕೆಂಪು ಹನಿ ಚಮಚದ ಅಂಚಿನಲ್ಲಿ ತೂಗುತ್ತಿತ್ತು.

"ನಾನು ಖಾರ ತಿನ್ನಲ್ಲ," ಎಂದ.

ಹೇಳಿದ ಮೇಲೆ ಮಾತು ನಿಲ್ಲಲಿಲ್ಲ. ಯಾವತ್ತೂ ತಿಂದಿಲ್ಲ, ಅವತ್ತು ನಿನ್ನ ದನಿ ನಡುಗುತ್ತಿತ್ತು, ಅಳಬಾರದೆಂದು ಹೇಳಿಬಿಟ್ಟೆ, ಆಮೇಲೆ ನಂಬಲ್ಲ ಎಂದೆಯಲ್ಲ, ಬಾಯಿ ಬಿಡಲು ಧೈರ್ಯ ಬರಲಿಲ್ಲ ಎಂದು ಒಂದೇ ಉಸಿರಿಗೆ ಒದರಿದ. ಅವಳು ಚಮಚವನ್ನು ಕೆಳಗಿಟ್ಟಳು. ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಜೋರಾಗಿ ಹೇಳು ಎಂದಳು. ಅವನು ಕಣ್ಣು ಮುಚ್ಚಿಕೊಂಡು, ನಾನು ಖಾರ ತಿನ್ನಲ್ಲ ಎಂದು ಗಂಟಲು ಹರಿಯುವ ಹಾಗೆ ಕೂಗಿದ.

"ಅದು ಗೊತ್ತಿರೋದೇ," ಎಂದು ಗೋಡೆಯ ಆಚೆಯಿಂದ ನರ್ಸಮ್ಮನ ದನಿ ಬಂತು. "ಪೈಪಿನ ಹತ್ರ ದಿನಾ ನೋಡಿದೀನಿ. ಮೊದ್ಲು ಕಿಟಕಿ ಮುಚ್ಚಿ, ಕೆಮ್ಮು ನಿಲ್ತಾ ಇಲ್ಲ."

ಮೆಕ್ಯಾನಿಕ್ ಕಣ್ಣು ಬಿಟ್ಟ. ಹೆಂಡತಿ ಕಿಟಕಿ ಮುಚ್ಚಿ ಬಂದು ಅವನ ಪಕ್ಕದಲ್ಲಿ ಕುಳಿತಳು. ಅವಳಿಗೂ ಗೊತ್ತಿತ್ತು. ಮದುವೆಯಾದ ಮೂರನೆಯ ದಿನವೇ ಇದೇ ಕಿಟಕಿಯಿಂದ, ಗಿಡಗಳ ನಡುವೆ ನಾಲಗೆ ಚಾಚಿ ನಿಂತ ಗಂಡನನ್ನು ನೋಡಿದ್ದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಮನೆಯವರಿಗೆಲ್ಲ ಕಾಣುತ್ತದೆ, ಇವನು ನೀರು ಕುಡಿದದ್ದೂ ಹಾಗೇ. ತಾನಾಗಿ ಹೇಳಲಿ ಎಂದು ಕಾದಿದ್ದಳು. "ನಾನೇ ಕೇಳಿದ್ರೆ ನಾಚ್ಕೊಂಡು ನನ್ನ ಜೊತೆ ಊಟಕ್ಕೆ ಕೂರೋದನ್ನೇ ಬಿಡ್ತೀಯೇನೋ ಅಂತ ಭಯ," ಎಂದಳು. "ಅದಕ್ಕೇ ವಾರಕ್ಕೊಂದು ಮೆಣಸಿನಕಾಯಿ ಕಮ್ಮಿ ಮಾಡ್ತಾ ಬಂದೆ."

"ಕಮ್ಮಿ ಮಾಡಿದ್ಯಾ?"

"ಎರಡು ತಿಂಗಳಿಂದ ಒಂದೂ ಹಾಕ್ತಿಲ್ಲ. ಬರೀ ಟೊಮೆಟೊ ಬಣ್ಣ. ನೀನು ಹಣೆ ಒರೆಸ್ಕೊಂಡು ಜೋರಾಗಿದೆ ಅಂತಿದ್ದಾಗ ನಗು ತಡ್ಕೊಳ್ಳೋದು ಎಷ್ಟು ಕಷ್ಟ ಗೊತ್ತಾ."

ಪಳಗಿದ ನಾಲಗೆ, ಮನುಷ್ಯನ ಮನೋಬಲ, ಗ್ರೀಸಣ್ಣನ ಮುಂದೆ ಕೊಚ್ಚಿಕೊಂಡ ಮಾತುಗಳು ಒಂದೊಂದಾಗಿ ಕುಸಿದು ಬಿದ್ದವು. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು, ಆ ನಾಚಿಕೆಯೊಳಗೇ ನಗು ಉಕ್ಕಿ ಬಂತು. ಹದಿನೈದು ಮೆಣಸಿನಕಾಯಿಗೆ ಒಂದು ಕಿಲೋ ಕ್ಯಾರೆಟ್ಟು ಏಕೆಂದು ಈಗ ಅರ್ಥವಾಯಿತು. ಅವನಿಗೂ ಆಗುವಂಥ, ಮೊದಲ ಚಮಚ ಧೈರ್ಯವಾಗಿ ತಿನ್ನಬಹುದಾದಂಥ ಸಾಸು ಮಾಡಿಸಬೇಕೆಂದು ಅವಳು ಹೂಡಿದ್ದ ಉಪಾಯ ಅದು. ಯಾರೂ ಯಾರನ್ನೂ ಬಿಟ್ಟು ಹೋಗುವುದಿಲ್ಲ ಎನ್ನುವುದು ಅವನ ತಲೆಗೆ ನಿಧಾನವಾಗಿ ಇಳಿಯಿತು. ಎದೆಯ ಮೇಲಿಂದ ಯಾರೋ ಒಂದು ಮೂಟೆ ಇಳಿಸಿದ ಹಾಗಾಯಿತು.

ಆಗ ಇನ್ನೊಂದು ಯೋಚನೆ ಬಂತು. ನಗು ಅರ್ಧಕ್ಕೆ ನಿಂತಿತು.

"ಮತ್ತೆ ನೀನು?" ಎಂದು ಕೇಳಿದ. "ನಿಂಗೆ ಖಾರ ಇಲ್ದೆ ಊಟ ಸೇರಲ್ವಲ್ಲ?"

ಅವಳು ಕಾರ್ಡನ್ನು ಬೆರಳಲ್ಲಿ ತಿರುಗಿಸುತ್ತ, ಒಂದೇ ಪಾತ್ರೆಯದ್ದು ತಾನೇ ಇಬ್ಬರೂ ತಿಂದದ್ದು ಎಂದಳು, ಅದೇನು ದೊಡ್ಡ ವಿಷಯವಲ್ಲ ಎನ್ನುವ ಹಾಗೆ. ಬೇರೆ ಬಟ್ಟಲಲ್ಲಿ ಖಾರ ಇಟ್ಟುಕೊಂಡರೆ ಅವನಿಗೆ ಗೊತ್ತಾಗಿಬಿಡುತ್ತಿತ್ತಲ್ಲ.

ಹಸಿ ಮೆಣಸಿನಕಾಯಿಯನ್ನು ಸೌತೆಕಾಯಿಯ ಹಾಗೆ ಕಚ್ಚಿ ತಿನ್ನುತ್ತಿದ್ದವಳು. ಹನ್ನೊಂದು ಗಿಡ ಬೆಳೆಸಿ, ಬೆಳಿಗ್ಗೆ ಸಂಜೆ ಅವುಗಳ ಜೊತೆ ಮಾತಾಡಿ, ಒಳಗೆ ಬಂದು ಇವನ ಎದುರು ಕುಳಿತು ಸಪ್ಪೆ ಊಟ ಮಾಡಿದ್ದಳು. ಏಳು ತಿಂಗಳು ಇವನು ತನ್ನ ನಾಲಗೆಯನ್ನೇ ಕಾದುಕೊಂಡು ಕೂತಿದ್ದ. ಎದುರಿನ ತಟ್ಟೆಯಲ್ಲಿ ಏನಿದೆ ಎಂದು ಒಂದು ದಿನ ಕತ್ತೆತ್ತಿ ನೋಡಿರಲಿಲ್ಲ. ಅವನಿಗೆ ತುಂಬ ನಾಚಿಕೆಯಾಯಿತು, ಈ ಸಲ ಅದರೊಳಗೆ ನಗು ಇರಲಿಲ್ಲ.

ಅವನು ಎದ್ದ. ಆಲೂಗಡ್ಡೆ ಬೇಯಿಸಿದ, ಸಿಪ್ಪೆ ತೆಗೆದ, ಎರಡು ತಟ್ಟೆಗೆ ಹಾಕಿದ. ಒಂದಕ್ಕೆ ಬೆಣ್ಣೆ. ಇನ್ನೊಂದಕ್ಕೆ ತಾನು ಮಾಡಿದ ಸಾಸನ್ನು ಎರಡು ಚಮಚ ಸುರಿದು, ಅವಳ ಮುಂದಿಟ್ಟ. "ಮೊದಲ ಚಮಚ ನಿಂದು," ಎಂದ.

ಅವಳು ಒಂದು ತುಂಡು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಕುತ್ತಿಗೆಯಿಂದ ಕೆಂಪು ಏರುತ್ತ ಕಿವಿಯ ತನಕ ಹೋಯಿತು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು, ಮೂಗು ಸುರಿಯಿತು, ಬಿಕ್ಕಳಿಕೆ ಬಂತು. ಅವನು ಗಾಬರಿಯಾಗಿ ನೀರಿಗೆ ಓಡಿದ, ಹಾಲಿಗೆ ಓಡಿದ, ಎರಡನ್ನೂ ಒಟ್ಟಿಗೆ ತಂದು ಹಿಡಿದ. ಅವಳು ಎರಡನ್ನೂ ಪಕ್ಕಕ್ಕೆ ತಳ್ಳಿದಳು.

"ಸುಮ್ನಿರು," ಎಂದಳು ಬಾಯಿ ತುಂಬಿಕೊಂಡು. "ಎಷ್ಟೋ ತಿಂಗಳಾದ್ಮೇಲೆ ಊಟ ಮಾಡ್ತಾ ಇದೀನಿ."

ಅಳುತ್ತ, ನಗುತ್ತ, ಬಿಕ್ಕಳಿಸುತ್ತ ಅವಳು ತಟ್ಟೆ ಖಾಲಿ ಮಾಡುವುದನ್ನು ಅವನು ಬೆಣ್ಣೆ ಆಲೂಗಡ್ಡೆ ಕೈಯಲ್ಲಿ ಹಿಡಿದುಕೊಂಡೇ ನೋಡಿದ. ಇಷ್ಟು ದಿನ ತನ್ನ ಜೊತೆಯಿದ್ದವಳು ಈಗಷ್ಟೇ ಪೂರ್ತಿಯಾಗಿ ಮನೆಗೆ ಬಂದಳೇನೋ ಎನ್ನಿಸಿತು. ಇನ್ನೊಂದು ಚಮಚ ಹಾಕಲಾ ಎಂದು ಕೇಳಿದ. ಅವಳು ಮೂಗೊರೆಸಿಕೊಂಡು ಎರಡು ಬೆರಳು ತೋರಿಸಿದಳು.